ಜಾಲಿ ಮುಳ್ಳಿನ ಊರಿನಲ್ಲಿ ಏಳು ಗೇರಿನ ಹೈಬ್ರಿಡ್ ಸೈಕಲ್

ವಿಜಯಪುರದಲ್ಲಿ ಹವ್ಯಾಸಕ್ಕೆಂದು ಸೈಕಲ್ ಕೊಳ್ಳಲು ಹೋದವರ ಮುಂದೆ ಅಂಗಡಿಯವರು ಮೊದಲು ತಂದು ನಿಲ್ಲಿಸುವುದು ದಪ್ಪ ಟಯರಿನ, ಎರಡೂ ಕಡೆ ಡಿಸ್ಕ್ ಬ್ರೇಕಿನ, ಮುಂಗಾಲಿಗೆ ಶಾಕಪ್ ಇರುವ ಸೈಕಲ್ಲನ್ನು. ನೋಡಲು ಗತ್ತಾಗಿಯೇ ಇರುತ್ತದೆ. ಆದರೆ ಆ ಬೆಲೆಯಲ್ಲಿ ಬರುವ ಶಾಕಪ್ಪು ಸೈಕಲ್ಲಿನ ತೂಕವನ್ನು ಹೆಚ್ಚಿಸಿ, ಏರಿನಲ್ಲಿ ಎದ್ದು ನಿಂತು ತುಳಿದಾಗ ಕಾಲಿನ ಬಲವನ್ನು ತಾನೇ ನುಂಗಿ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಬಿಗಿಯುವುದೇ ಹೆಚ್ಚು. ನಾನು ಕೊಂಡದ್ದು ಅದೇ ಅಂಗಡಿಯ ಹಿಂದಿನ ಸಾಲಿನಲ್ಲಿ ಧೂಳು ತಿನ್ನುತ್ತ ನಿಂತಿದ್ದ, ಶಾಕಪ್ ಇಲ್ಲದ, ಬೂದು ಬಣ್ಣದ ಸಾದಾ ಹೈಬ್ರಿಡ್, ಅಂದರೆ ರಸ್ತೆಯ ಸೈಕಲ್ಲಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನ ಬಗೆ. ಬೇಸಿಗೆ, ಆಷಾಢದ ಗಾಳಿ, ಹಿಂಗಾರಿನ ಕೆಸರು ಮೂರನ್ನೂ ಅದರ ಮೇಲೆ ಕಂಡ ನಂತರ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಹೇಳುವುದರಿಂದ ಓದುಗರಿಗೆ ಹೆಚ್ಚಿನ ಲಾಭವಿಲ್ಲ. ಈ ದರ್ಜೆಯಲ್ಲಿ ಹಲವು ಕಂಪನಿಗಳ ಸೈಕಲ್ಲುಗಳಿಗೆ ಹಾಕಿರುವ ಸಾಮಾನು ಬಹುಪಾಲು ಒಂದೇ ಬಗೆಯದು, ಬೇರೆಯಾಗಿರುವುದು ಫ್ರೇಮಿನ ಮೇಲಿನ ಸ್ಟಿಕ್ಕರು ಮಾತ್ರ.

ಸೈಕಲ್ಲಿನ ವಿವರ ಹೀಗಿದೆ. ಅಲ್ಯುಮಿನಿಯಂ ಫ್ರೇಮು, ಮುಂದಿನ ಗಾಲಿಯನ್ನು ಹಿಡಿಯುವ ಉಕ್ಕಿನ ಗಟ್ಟಿ ಫೋರ್ಕು, 700×35 ಅಳತೆಯ (ಹೊರವ್ಯಾಸ ಸುಮಾರು 700, ಅಗಲ 35 ಮಿಲಿಮೀಟರು) ಟಯರು, ರಿಮ್ಮನ್ನು ಹಿಡಿಯುವ ವಿ-ಬ್ರೇಕು. ಚೈನು ಕೂರಲು ಮುಂದೆ ಪೆಡಲಿನ ಬಳಿ 42 ಹಲ್ಲಿನ ಒಂದೇ ಚಕ್ರ, ಹಿಂದೆ 14ರಿಂದ 34 ಹಲ್ಲಿನವರೆಗಿನ ಏಳು ಚಕ್ರಗಳು, ಅವುಗಳನ್ನು ಬದಲಿಸಲು ಶಿಮಾನೊ ಕಂಪನಿಯ ಟೂರ್ನಿ ದರ್ಜೆಯ ಗೇರು. ತೂಕ ಸುಮಾರು 15 ಕಿಲೋ, ಬೆಲೆ 16,000 ರೂಪಾಯಿಯ ಆಸುಪಾಸು. ಬೆಲೆಯ ಮಾತು ಬಂದಿರುವುದರಿಂದ ಒಂದು ಸೂಚನೆ: ಸೈಕಲ್ಲುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಚೀಟಿಯನ್ನೇ ಹಿಡಿದು ಮಾತನಾಡುವ ಅಂಗಡಿಗಳಲ್ಲಿ ಪಕ್ಕಾ ಬಿಲ್ಲು ಕೇಳುವುದು ಒಳ್ಳೆಯದು.

ಅಂಗಡಿಯ ಮಾಲೀಕರು ಗೇರುಗಳ ಸಂಖ್ಯೆಯನ್ನು ಎಣಿಸಿ ಹೇಳುತ್ತಿದ್ದರೆ, ಪಕ್ಕದಲ್ಲಿ ಗಾಲಿಗೆ ಕಡ್ಡಿ ಕಟ್ಟುತ್ತ ಕುಳಿತಿದ್ದ ಹಿರಿಯ ಮಿಸ್ತ್ರಿ ತಲೆ ಎತ್ತದೆಯೇ, "ಗೇರ್ ಆಮ್ಯಾಲ ನೋಡ್ರಿ ಸರ್, ಮೊದಲ ಕಾಲ ಅಳತಿ ತಗೋರಿ" ಎಂದರು. ಅಂಗಡಿಯ ಬಗ್ಗೆ ನನಗೆ ವಿಶ್ವಾಸ ಹುಟ್ಟಿದ್ದು ಆ ಮಾತಿನಿಂದ. ಗೋಡೆಗೆ ಬೆನ್ನು ಹಚ್ಚಿ, ಬರಿಗಾಲಿನಲ್ಲಿ ನಿಂತು, ತೊಡೆಸಂದಿನಿಂದ ನೆಲದವರೆಗಿನ ಉದ್ದವನ್ನು ಟೇಪಿನಿಂದ ಅಳೆಯಬೇಕು. ಸೈಕಲ್ಲಿನ ಮೇಲಿನ ಅಡ್ಡಪೈಪಿನ ಆಚೀಚೆ ಕಾಲಿಟ್ಟು ನಿಂತಾಗ ಎರಡು ಮೂರು ಸೆಂಟಿಮೀಟರಾದರೂ ಅಂತರ ಉಳಿಯಬೇಕು. ಸೀಟಿನ ಎತ್ತರಕ್ಕೆ ಮಿಸ್ತ್ರಿಗಳ ಲೆಕ್ಕ ಸರಳ: ಪೆಡಲು ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತಾನಾಗಿ ಸ್ವಲ್ಪವೇ ಮಡಚಿರುತ್ತದೆ. ನಮ್ಮೂರಿನ ಬಹುತೇಕ ಸವಾರರು ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟನ್ನು ಇಳಿಸಿಕೊಂಡು, ಮೊಣಕಾಲು ನೋವು ಬಂದೊಡನೆ ಸೈಕಲ್ಲನ್ನೇ ದೂರುತ್ತಾರೆ.

ಕಂಪನಿಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಅರೆಬರೆ ಜೋಡಣೆಯಾಗಿ ಬರುವ ಸೈಕಲ್ಲು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅರ್ಧದಷ್ಟು ಅದನ್ನು ಪೂರ್ತಿಗೊಳಿಸುವ ಕೈಯ ಮೇಲೆ ನಿಂತಿದೆ. ಎಡಗಡೆಯ ಪೆಡಲಿನ ಮರೆ (ಸ್ಕ್ರೂವಿನ ಸುರುಳಿ ಗೆರೆ) ಉಲ್ಟಾ ಇರುತ್ತದೆ ಎಂಬುದನ್ನು ಅರಿಯದ ಅವಸರದ ಕೈ ಅದನ್ನು ಒತ್ತಾಯದಿಂದ ತಿರುಗಿಸಿದರೆ ಪೆಡಲು ಕೂರುವ ತೋಳು, ಅಂದರೆ ಕ್ರ್ಯಾಂಕು, ಹೊಸದಿರುವಾಗಲೇ ಹಾಳಾಗುತ್ತದೆ. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಕಂಪನಿಯೇ ಕಟ್ಟಿ ಕಳುಹಿಸಿದ್ದ ಗಾಲಿಗಳನ್ನೂ ಮಿಸ್ತ್ರಿ ನಂಬದೆ ಸ್ಟ್ಯಾಂಡಿಗೆ ಏರಿಸಿ, ಬೆರಳಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಮಂಕಾಗಿ ನುಡಿದ ಕಡ್ಡಿಯ ನಿಪ್ಪಲನ್ನು ಕಾಲು ಸುತ್ತು ಬಿಗಿದು ಬೆಂಡು ತೆಗೆದರು. ರಾಜ್ಯದ ಸೈಕಲ್ ಪಟುಗಳಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳವರ ಪಾಲು ದೊಡ್ಡದು. ರೇಸಿನ ಹುಡುಗರ ಗಾಲಿಗಳ ಮೇಲೆ ಪಳಗಿದ ಕೈಗಳು ಈ ಊರಿನ ಹಳೆಯ ಅಂಗಡಿಗಳಲ್ಲಿ ಇನ್ನೂ ಉಳಿದಿವೆ ಎಂಬುದು ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಅಗ್ಗಕ್ಕೆ ತರಿಸಿಕೊಳ್ಳುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ.

ಇನ್ನು ಮುಳ್ಳಿನ ವಿಷಯ. ಈ ಭಾಗದಲ್ಲಿ ಸೈಕಲ್ ತುಳಿಯುವವರ ಮೊದಲ ವೈರಿ ಬಿಸಿಲೂ ಅಲ್ಲ, ವಾಹನ ದಟ್ಟಣೆಯೂ ಅಲ್ಲ, ಬಳ್ಳಾರಿ ಜಾಲಿ. ಭೂತನಾಳ ಕೆರೆಯ ಕಡೆಗಾಗಲಿ, ತೊರವಿಯ ದಾರಿಗಾಗಲಿ, ಸಿಂದಗಿ ರಸ್ತೆಯ ಕುಮಟಗಿಯ ಕಡೆಗಾಗಲಿ ಹೊರಟರೆ ರಸ್ತೆಯ ಅಂಚಿನುದ್ದಕ್ಕೂ ಅದರದೇ ಸಾಮ್ರಾಜ್ಯ. ಹೊಲಕ್ಕೆ ಬೇಲಿ ಹಚ್ಚಲು ಕಂಟಿ ಕಡಿದು ಟ್ರ್ಯಾಕ್ಟರಿನಲ್ಲಿ ಸಾಗಿಸುವ ದಿನಗಳಲ್ಲಿ ಮುಳ್ಳಿನ ತುಂಡುಗಳು ಡಾಂಬರಿನ ಮೇಲೂ ಬಿದ್ದಿರುತ್ತವೆ. ಮಳೆಗಾಲ ಮುಗಿದ ಮೇಲೆ ಕಾಲುದಾರಿಗಳಲ್ಲಿ ಒಣಗಿದ ನೆಗ್ಗಿನ ಮುಳ್ಳು ಇದಕ್ಕೆ ಜೊತೆಯಾಗುತ್ತದೆ. ಸೈಕಲ್ಲಿನೊಂದಿಗೆ ಬಂದ ಟಯರು ಈ ವಿಷಯದಲ್ಲಿ ನಿರಾಸೆ ಉಂಟುಮಾಡಿತು. ಡಾಂಬರಿನ ಮೇಲೆ ಹಗುರವಾಗಿ ಉರುಳುತ್ತದೆ ಎಂಬುದು ನಿಜ, ಆದರೆ ಅದರ ತೆಳು ರಬ್ಬರು ಜಾಲಿಯ ಮೊನೆಗೆ ಯಾವ ಅಡ್ಡಿಯನ್ನೂ ಒಡ್ಡುವುದಿಲ್ಲ.

ಪಂಕ್ಚರ್ ತೆಗೆಯುವುದು ಸುಲಭ, ಮುಳ್ಳನ್ನು ತೆಗೆಯುವುದು ಕಷ್ಟ. ಜಾಲಿಯ ಮುಳ್ಳು ಹೊರಗಡೆ ಮುರಿದುಹೋಗಿ, ಅಕ್ಕಿಕಾಳಿಗಿಂತ ಚಿಕ್ಕದಾದ ಮೊನೆ ಟಯರಿನ ಒಳಮೈಯಲ್ಲಿಯೇ ಉಳಿದಿರುತ್ತದೆ. ತೇಪೆ ಹಚ್ಚಿದ ಟ್ಯೂಬನ್ನು ತುರುಕಿ ಗಾಳಿ ಹೊಡೆದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ತೂತು. ಮಿಸ್ತ್ರಿ ಅನುಸರಿಸುವ ಕ್ರಮವನ್ನು ಎಲ್ಲರೂ ಕಲಿಯಬೇಕು. ಟಯರಿನ ಮೇಲಿನ ಕಂಪನಿಯ ಹೆಸರು ಸದಾ ವಾಲ್ವಿನ ನೇರಕ್ಕೆ ಬರುವಂತೆ ಅವರು ಟಯರನ್ನು ಕೂಡಿಸಿರುತ್ತಾರೆ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಬರುವ ಜಾಗವನ್ನು ಗುರುತಿಸಿದೊಡನೆ, ವಾಲ್ವಿನಿಂದ ಅದು ಎಷ್ಟು ದೂರವಿದೆ ಎಂದು ನೋಡಿ ಟಯರಿನಲ್ಲಿ ಮುಳ್ಳು ಎಲ್ಲಿರಬೇಕೆಂಬುದನ್ನು ನೇರವಾಗಿ ತೋರಿಸುತ್ತಾರೆ. ಬಳಿಕ ಬೆರಳಿಗೆ ಬದಲು ಹತ್ತಿ ಬಟ್ಟೆಯ ಚೂರನ್ನು ಟಯರಿನ ಒಳಗೆ ಸುತ್ತಲೂ ಎಳೆಯುತ್ತಾರೆ. ಬಟ್ಟೆಯ ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಇಕ್ಕಳದ ಕೆಲಸ. ಆಮೇಲೆಯೇ ಟ್ಯೂಬನ್ನು ಉಜ್ಜುವುದು, ಸೊಲ್ಯೂಷನ್ ಹಚ್ಚಿ ಒಣಗಲು ಬಿಡುವುದು, ತೇಪೆ ಒತ್ತುವುದು.

ಟಯರು ಮತ್ತು ಟ್ಯೂಬಿನ ನಡುವೆ ಪ್ಲಾಸ್ಟಿಕ್ ಪಟ್ಟಿಯನ್ನು ಹಾಕಿಸಿ, ಟ್ಯೂಬಿನೊಳಗೆ ಸಣ್ಣ ತೂತುಗಳನ್ನು ತಾನೇ ಮುಚ್ಚುವ ಸೀಲಂಟ್ ದ್ರವವನ್ನು ತುಂಬಿಸಿದ ನಂತರ ಪಂಕ್ಚರುಗಳು ಬಹುಮಟ್ಟಿಗೆ ಕಡಿಮೆಯಾದವು. ಈ ಸೈಕಲ್ಲಿನ ವಾಲ್ವು ಸ್ಕೂಟರಿನ ಮಾದರಿಯದಾಗಿರುವುದರಿಂದ ಅದರ ಪಿನ್ನನ್ನು ಬಿಚ್ಚಿ ದ್ರವ ಹಾಕುವುದು ಸಲೀಸು, ಪೆಟ್ರೋಲ್ ಬಂಕಿನಲ್ಲಿ ಗಾಳಿಯನ್ನೂ ತುಂಬಿಸಬಹುದು. ಆದರೆ ನಮ್ಮ ಬಿಸಿಲಿಗೆ ಆ ದ್ರವ ಕೆಲವು ತಿಂಗಳುಗಳಲ್ಲಿ ಒಣಗುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಪಟ್ಟಿಯ ತುದಿಗಳು ಟ್ಯೂಬನ್ನು ಉಜ್ಜದಂತೆ ಅವುಗಳನ್ನು ದುಂಡಗೆ ಕತ್ತರಿಸಿ ಹಾಕಬೇಕು.

ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟ್ಯೂಬು ಸಿಡಿಯುತ್ತದೆಂದು ಹೆದರಿ ಅರೆಗಾಳಿಯಲ್ಲಿ ಓಡಿಸುವವರನ್ನು ಇಲ್ಲಿ ಬಹಳ ಕಾಣುತ್ತೇವೆ. ಬೆಳಗಿನ 25 ಡಿಗ್ರಿಯಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಗಾಳಿ, ಗಾಲಿ 45 ಡಿಗ್ರಿಗೆ ಕಾದರೂ 65ರ ಹತ್ತಿರಕ್ಕೆ ಹೋಗುತ್ತದೆ, ಅಷ್ಟೆ. ಟಯರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯೊಳಗೇ ಅದು ಇರುತ್ತದೆ. ಸಿಡಿತಕ್ಕೆ ಕಾರಣ ಸಾಮಾನ್ಯವಾಗಿ ಟಯರಿಗೆ ತಾಗುವ ಬ್ರೇಕ್ ರಬ್ಬರು ಅಥವಾ ರಿಮ್ಮಿನ ಅಂಚಿಗೆ ಸಿಕ್ಕ ಟ್ಯೂಬು. ಅರೆಗಾಳಿಯಲ್ಲಿ ಓಡಿಸಿದರೆ ಪ್ರತಿ ಹಂಪಿನ ಮೇಲೂ ರಿಮ್ಮು ಟ್ಯೂಬನ್ನು ಕಚ್ಚುತ್ತದೆ, ಮತ್ತು ಬಣ್ಣ ಬಳಿಯದ ಹಂಪುಗಳಿಗೆ ನಮ್ಮೂರಿನಲ್ಲಿ ಬರವಿಲ್ಲ.

ಗೇರುಗಳ ಅಗತ್ಯವನ್ನು ಕುರಿತು ಅನೇಕರು ಕೇಳುತ್ತಾರೆ. ವಿಜಯಪುರದ ಸುತ್ತಮುತ್ತ ಘಟ್ಟವಿಲ್ಲ, ಗೇರು ಯಾಕೆ? ನಮ್ಮಲ್ಲಿ ಏರು ಇರುವುದು ನೆಲದಲ್ಲಲ್ಲ, ಗಾಳಿಯಲ್ಲಿ. ಆಷಾಢದಲ್ಲಿ ಪಡುವಣ ಗಾಳಿ ಬೀಸುವಾಗ ಮರವಿಲ್ಲದ ಬಯಲಿನ ರಸ್ತೆಯಲ್ಲಿ ತೊರವಿಯ ಕಡೆಗೆ ಹೊರಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದ ಸವಾರನಿಗೆ 15 ಕಿಲೋಮೀಟರ್ ವೇಗದ ಗಾಳಿ ಎದುರಾದರೆ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದು ಮೂರು ಪಟ್ಟಾಗುತ್ತದೆ. ಈ ಸೈಕಲ್ಲಿನ ಅತಿ ಭಾರದ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು ಆರೂವರೆ ಮೀಟರು ಸಾಗುತ್ತೇವೆ, ಅತಿ ಹಗುರದ ಗೇರಿನಲ್ಲಿ ಸುಮಾರು 2.7 ಮೀಟರು. ಎದುರುಗಾಳಿಯಲ್ಲಿ ಕಾಲಿನ ಲಯ ಕೆಡದಂತೆ ಹೋಗಲು ಈ ಅಂತರ ಸಾಕು. ಮುಂದೆ ಮೂರು, ಹಿಂದೆ ಏಳು ಎಂದು 21 ಗೇರುಗಳ ಆಸೆ ತೋರಿಸುವ ಸೈಕಲ್ಲುಗಳಲ್ಲಿ ಒಂದೇ ಅನುಪಾತ ಹಲವು ಕಡೆ ಹೆಚ್ಚುಕಡಿಮೆ ಮರುಕಳಿಸುತ್ತದೆ, ಅಲ್ಲದೆ ಮುಂದಿನ ಗೇರು ಬದಲಿಸುವ ಪಟ್ಟಿ ಕೆಸರು ಹಿಡಿಯಲು ಇನ್ನೊಂದು ಜಾಗವಾಗುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಇರುವಂತೆ ದಾರಿ ಆರಿಸಿಕೊಳ್ಳುವುದೂ ಗೇರಿನಷ್ಟೇ ಉಪಕಾರಿ.

ಎರೆ ಮಣ್ಣಿನ ಕೆಸರಿನಲ್ಲಿ ಮಾತ್ರ ಈ ಸೈಕಲ್ಲು ಸೋಲುತ್ತದೆ. ಇದನ್ನು ನೇರವಾಗಿ ಹೇಳಬೇಕು. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿಸಿದರೆ ಹತ್ತಿಪ್ಪತ್ತು ಮಾರಿನೊಳಗೆ ಬ್ರೇಕಿನ ತೋಳುಗಳ ನಡುವೆ, ಮಡ್‌ಗಾರ್ಡಿನ ಒಳಗೆ ಮಣ್ಣು ಮೆತ್ತಿ ಗಾಲಿಗಳು ನಿಂತೇಬಿಡುತ್ತವೆ. ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಇಲ್ಲಿ ನಿಜವಾದ ಅನುಕೂಲವಿದೆ. ನಿತ್ಯ ತೋಟಕ್ಕೆ ಹೋಗಿಬರುವವರು ಅದನ್ನೇ ನೋಡುವುದು ಸರಿ. ಕೆಸರಾದ ಸೈಕಲ್ಲನ್ನು ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಹಿಡಿದರೆ ಗಾಲಿಯ ಗುಂಬದೊಳಗಿನ ಗ್ರೀಸು ತೊಳೆದುಹೋಗುತ್ತದೆ. ಮಣ್ಣು ಒಣಗುವವರೆಗೆ ಬಿಟ್ಟು ಕಟ್ಟಿಗೆಯಿಂದ ಉದುರಿಸುವುದೇ ಸರಿಯಾದ ಕ್ರಮ. ಚೈನಿಗೆ ಗ್ಯಾರೇಜಿನ ಹಳೆ ಎಂಜಿನ್ ಆಯಿಲನ್ನು ಸುರಿಯುವ ರೂಢಿಯನ್ನೂ ಬಿಡಬೇಕು. ಅದರೊಂದಿಗೆ ಇಲ್ಲಿಯ ಧೂಳು ಸೇರಿದರೆ ಹಲ್ಲುಗಳನ್ನು ಸವೆಸುವ ಉಜ್ಜುಪುಡಿಯೇ ತಯಾರಾಗುತ್ತದೆ. ತೆಳು ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಬೇಕು.

ಬ್ರೇಕು ಒಣ ರಸ್ತೆಯಲ್ಲಿ ಚೆನ್ನಾಗಿದೆ. ಸೀಟು ಸಾಧಾರಣ. ಗಂಟೆಯ ಸದ್ದು ಗಾಂಧಿ ಚೌಕದ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ, ಅಲ್ಲಿ ಬಾಯಿಯೇ ಗತಿ. ಹಿಂದಿನ ಕೆಂಪು ದೀಪವನ್ನು ಬೇರೆಯಾಗಿ ಕೊಳ್ಳಬೇಕಾಯಿತು. ಸೊಲ್ಲಾಪುರ–ಹುಬ್ಬಳ್ಳಿ ಹೆದ್ದಾರಿಯ ಅಂಚಿನಲ್ಲಿ ನಸುಕಿನಲ್ಲಿ ಓಡಾಡುವವರು ಅದಿಲ್ಲದೆ ಹೊರಬೀಳಬಾರದು. ದೂರದ ಹಳ್ಳಿಗಳಿಗೆ ಹೋಗುವವರು ಒಂದನ್ನು ತಿಳಿದಿರಬೇಕು. ಹಳೆಯ ಕರಿ ಸೈಕಲ್ಲಿನ 28×1½ ಟಯರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರು, ಈ ಸೈಕಲ್ಲಿನದು 622. ಹಳ್ಳಿಯ ಅಂಗಡಿಯಲ್ಲಿ ಸಿಗುವ ಟಯರು ಇದಕ್ಕೆ ಕೂರುವುದಿಲ್ಲ. ಟ್ಯೂಬು ಮಾತ್ರ ಆಪತ್ತಿಗೆ ನಡೆಯುತ್ತದೆ.

ಅಂಗಡಿಯ ಸೇವೆಯ ಬಗ್ಗೆ ನನ್ನ ತಕರಾರು ಬಿಡಿಭಾಗಗಳದು. ಟ್ಯೂಬು, ಬ್ರೇಕ್ ರಬ್ಬರು, ತಂತಿ, ಚೈನು ಯಾವಾಗಲೂ ಸಿಗುತ್ತವೆ, ಕೂಲಿಯೂ ನ್ಯಾಯವಾದದ್ದು. ಆದರೆ ನಿಲ್ಲಿಸಿದ್ದ ಸೈಕಲ್ಲು ಬಲಮಗ್ಗುಲಿಗೆ ಬಿದ್ದು, ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರು ಎಂಬ ಅಂಗೈಗಿಂತ ಚಿಕ್ಕದಾದ ತಗಡು ಬಾಗಿದಾಗ ಅದು ಅಂಗಡಿಯಲ್ಲಿ ಇರಲಿಲ್ಲ. "ನಾಳೆ ಬರ್ತದ್ರಿ" ಎಂಬ ಮಾಲೀಕರ ಮಾತು ವಾರಗಟ್ಟಲೆ ಎಳೆಯಿತು. ಅಷ್ಟು ದಿನವೂ ಮಿಸ್ತ್ರಿ ಅದನ್ನು ಪಾನಾ ಹಾಕಿ ಮೆಲ್ಲಗೆ ನೆಟ್ಟಗೆ ಮಾಡಿ, ನಡುವಿನ ಮೂರು ಗೇರುಗಳಾದರೂ ನಡೆಯುವಂತೆ ಮಾಡಿಕೊಟ್ಟಿದ್ದರು. ಈ ತಗಡು ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ್ದಾಗಿರುತ್ತದೆ. ಆದ್ದರಿಂದ ಸೈಕಲ್ ಕೊಳ್ಳುವ ದಿನ ಮಾಲೀಕರು ಸಂತೋಷಕ್ಕೆಂದು ನೀರಿನ ಬಾಟಲಿಯ ಸ್ಟ್ಯಾಂಡನ್ನು ಪುಕ್ಕಟೆ ಕೊಡಲು ಬಂದರೆ, ಅದನ್ನು ಬಿಟ್ಟು ಆ ಫ್ರೇಮಿನ ಹ್ಯಾಂಗರನ್ನು ಕೇಳಿ ಪಡೆಯಿರಿ.