ಹೊರಗಿನ ದೀಪಕ್ಕೆ ತಾಮ್ರವೋ ಹಿತ್ತಾಳೆಯೋ?

ಅಂಗಡಿಯಲ್ಲಿ ಎರಡೂ ಥಳಥಳಿಸುತ್ತವೆ. ನೀವು ಆರಿಸಬೇಕಾದದ್ದು ಐದು ವರ್ಷದ ನಂತರದ ಬಣ್ಣವನ್ನು.

ತಾಮ್ರ ಬೇಗ ಬದಲಾಗುತ್ತದೆ. ಮೊದಲು ಕೆಂಪು ಹೊಳಪು ಮಾಸಿ ಕಂದಾಗುತ್ತದೆ, ಆಮೇಲೆ ಕಪ್ಪಿಗೆ ತಿರುಗುತ್ತದೆ. ಹಸಿರು ಕಿಲುಬು ಬರಲು ಕಡಲ ಉಪ್ಪುಗಾಳಿಯಲ್ಲಿ ಕೆಲವು ವರ್ಷ ಸಾಕು. ಒಣಹವೆಯಲ್ಲಿ ದಶಕಗಳು ಬೇಕು, ಬಾರದೆಯೂ ಇರಬಹುದು. ಕಬ್ಬಿಣದ ತುಕ್ಕಿನಂತೆ ಅದು ಲೋಹವನ್ನು ತಿನ್ನುವುದಿಲ್ಲ, ಕಾಯುತ್ತದೆ. 1886ರಿಂದ ಬಯಲಲ್ಲಿ ನಿಂತಿರುವ ನ್ಯೂಯಾರ್ಕ್‌ನ ಸ್ವಾತಂತ್ರ್ಯ ಪ್ರತಿಮೆಯ ಹಸಿರು ಮೈಯ ಅಡಿಯಲ್ಲಿರುವುದು ಸುಮಾರು 2.4 ಮಿಲಿಮೀಟರ್ ದಪ್ಪದ ತಾಮ್ರದ ತಗಡಷ್ಟೇ. ಒಂದೇ ತಕರಾರು: ಮಳೆನೀರಿನೊಂದಿಗೆ ಇಳಿಯುವ ಹಸಿರು ಗೆರೆ ಬಿಳಿ ಗೋಡೆಯನ್ನು ಸುಲಭವಾಗಿ ಬಿಡದು.

ಹಿತ್ತಾಳೆ ನಿಧಾನಿ. ಹಳದಿ ಮಂಕಾಗಿ ಜೇನಿನ ಬಣ್ಣಕ್ಕೆ, ಕಂದಿಗೆ ಇಳಿಯುತ್ತದೆ. ಕಿಲುಬು ಮೊದಲು ಕಾಣುವುದು ಸ್ಕ್ರೂ ತಲೆಯ ಸುತ್ತ, ನೀರು ನಿಲ್ಲುವ ಸಂದುಗಳಲ್ಲಿ. ತಾಮ್ರಕ್ಕಿಂತ ಗಟ್ಟಿಯಾದ್ದರಿಂದ ನೆಗ್ಗುವುದು ಕಡಿಮೆ. ಅದರ ಶತ್ರು ಉಪ್ಪು: ಸತು ಹೆಚ್ಚಿರುವ ಹಿತ್ತಾಳೆಯಲ್ಲಿ ಸತು ಕರಗಿಹೋಗಿ, ಗುಲಾಬಿ ಕಲೆ ಬಿದ್ದ ಜಾಗ ಪೆಡಸಾಗುತ್ತದೆ.

ಲ್ಯಾಕರ್ ಎಂಬ ಪಾರದರ್ಶಕ ಲೇಪ ಬಳಿದದ್ದು ನನಗಂತೂ ಬೇಡ. ಸುಲಿದಲ್ಲೆಲ್ಲ ಚಿಬ್ಬು ಹಿಡಿದಂತೆ ಕಾಣುತ್ತದೆ.

ಕಡಲತೀರದ ಮನೆಗೆ, ಬಣ್ಣ ಬದಲಾಗುವುದನ್ನು ನೋಡುವ ಆಸೆ ಇರುವವರಿಗೆ ತಾಮ್ರ. ಮಕ್ಕಳ ಚೆಂಡು ತಾಗುವ ಎತ್ತರಕ್ಕೆ, ಉಜ್ಜಿ ಹೊಳಪು ಉಳಿಸಿಕೊಳ್ಳುವ ವ್ಯವಧಾನ ಇದ್ದವರಿಗೆ ಹಿತ್ತಾಳೆ.