35, 50, 85: ಬೆನ್ನು ಗೋಡೆಗೆ ತಾಗುವ ತನಕ

ಕ್ಯಾಮೆರಾ ಕೊಂಡು ಎರಡು ವರ್ಷ ಆದ ಮೇಲೆ ಎಲ್ಲರಿಗೂ ಬರುವ ಜ್ವರ ನನಗೂ ಬಂತು. ಒಂದು ಒಳ್ಳೆಯ ಪ್ರೈಮ್ ಲೆನ್ಸ್ ಬೇಕು. ಝೂಮ್ ಇಲ್ಲದ, ಮಬ್ಬು ಬೆಳಕಲ್ಲೂ ಕೆಲಸ ಮಾಡುವ ಲೆನ್ಸ್. ಯಾರನ್ನು ಕೇಳಿದರೂ ಒಂದೇ ಉತ್ತರ: "50 ತಗೋ, ಕಣ್ಣು ಮುಚ್ಕೊಂಡು ತಗೋ." ಲೆನ್ಸನ್ನು ಕಣ್ಣು ಮುಚ್ಚಿಕೊಂಡು ಕೊಳ್ಳುವುದು ಎಂಥ ಮಾತು ಅನಿಸಿತು. ಎರಡನ್ನು ಗೆಳೆಯರಿಂದ ಎರವಲು ತಂದೆ, ಒಂದನ್ನು ಬಾಡಿಗೆಗೆ ತಂದೆ. ಒಂದೊಂದನ್ನೂ ಮೂರು ವಾರ ಇಟ್ಟುಕೊಂಡು ಬಳಸಿದೆ.

35 ಎಂಎಂ, 50 ಎಂಎಂ, 85 ಎಂಎಂ. ಇದು ಲೆನ್ಸ್‌ನ ಫೋಕಲ್ ಲೆಂತ್; ಸಂಖ್ಯೆ ದೊಡ್ಡದಾದಷ್ಟೂ ನೋಟ ಕಿರಿದಾಗುತ್ತದೆ, ಎದುರಿಗಿರುವುದು ಹತ್ತಿರ ಕಾಣುತ್ತದೆ. ಮೂರೂ ಎಫ್/1.8 (ಬೆಳಕು ಬಿಡುವ ಕಿಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಮೂರೂ ಒಂದೇ ಕಂಪನಿಯವು. ಯಾವ ಕಂಪನಿ ಅಂತ ಹೇಳುವುದಿಲ್ಲ. ಹೇಳಿದರೆ ಮಾತು ಲೆನ್ಸ್ ಬಿಟ್ಟು ಕಂಪನಿಗಳ ಜಗಳಕ್ಕೆ ತಿರುಗುತ್ತದೆ. ನನ್ನದು ಎಪಿಎಸ್-ಸಿ, ಅಂದರೆ ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕ ಸೆನ್ಸರ್‌ನ ಡಿಎಸ್ಎಲ್ಆರ್. ಇದನ್ನು ನೆನಪಿಡಿ, ಮುಂದಿನ ಅರ್ಧ ಮಾತು ಇದರ ಮೇಲೇ ನಿಂತಿದೆ.

ಮೊದಲು, ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಯಾಕೆ ಸಾಲದು? ನನ್ನ 18-55 ಲೆನ್ಸನ್ನು 50ರ ಆಚೆ ತಿರುಗಿಸಿದರೆ ಅಪರ್ಚರ್, ಅಂದರೆ ಆ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಡುತ್ತದೆ. ಸಂಜೆ ಒಂದೇ ಬಲ್ಬ್ ಇರುವ ಕೋಣೆಯಲ್ಲಿ ಕಿಟ್ ಲೆನ್ಸ್‌ಗೆ 1/60 ಸೆಕೆಂಡ್ ಶಟರ್ ವೇಗ ಸಿಗಬೇಕಾದರೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) 6400ಕ್ಕೆ ಏರಿಸಬೇಕಿತ್ತು. ಪ್ರೈಮ್ ಹಾಕಿದಾಗ ಅದೇ ಶಟರ್, ಅದೇ ಬೆಳಕು, ಐಎಸ್‌ಒ 640. ಕಂಪ್ಯೂಟರ್‌ನಲ್ಲಿ ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿ ಕೆನ್ನೆಯ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಇನ್ನೊಂದರಲ್ಲಿ ಕೆನ್ನೆ ಕೆನ್ನೆಯ ಹಾಗೇ ಇತ್ತು. ಪ್ರೈಮ್ ಬೇಕಾ ಬೇಡವಾ ಅನ್ನುವ ಪ್ರಶ್ನೆ ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು. ಯಾವುದು ಅನ್ನುವುದು ಮಾತ್ರ ಉಳಿಯಿತು.

50ರಿಂದ ಶುರು ಮಾಡಿದೆ. ಅದರ ಹೆಸರೇ ಅಷ್ಟು ದೊಡ್ಡದು. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಇದ್ದದ್ದು 50 ಎಂಎಂ ಲೆನ್ಸ್. ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸೋನ್ ತಮ್ಮ ಬಹುಪಾಲು ಕೆಲಸ ಮಾಡಿದ್ದು 50ರಲ್ಲೇ. ಆದರೆ ಆ 50 ಇದ್ದದ್ದು 36×24 ಎಂಎಂ ಫಿಲ್ಮ್ ಚೌಕಟ್ಟಿನ ಮುಂದೆ. ನನ್ನ ಸೆನ್ಸರ್ ಸುಮಾರು 23.5×15.6 ಎಂಎಂ, ಫಿಲ್ಮ್ ಅದರ ಒಂದೂವರೆ ಪಟ್ಟು ಅಗಲ. ಅದೇ ಲೆನ್ಸ್ ಇಲ್ಲಿ ಚಿತ್ರದ ನಡುಭಾಗವನ್ನಷ್ಟೇ ಕೊಡುತ್ತದೆ. ಫಿಲ್ಮ್ ಕ್ಯಾಮೆರಾದಲ್ಲಿ 75 ಎಂಎಂ ಲೆನ್ಸ್ ತೋರಿಸುವಷ್ಟು ಅಗಲ ಮಾತ್ರ. ಹಳಬರು ಹೊಗಳಿದ ಆ ನೋಟ ನನ್ನ ಕ್ಯಾಮೆರಾದಲ್ಲಿ 35ಕ್ಕೆ ಸಿಗುತ್ತದೆ. 35ನ್ನು ಒಂದೂವರೆಯಿಂದ ಗುಣಿಸಿದರೆ 52.5. "ಕಣ್ಣು ಮುಚ್ಕೊಂಡು 50 ತಗೋ" ಅಂದವರಲ್ಲಿ ಒಬ್ಬರೂ ನನ್ನ ಸೆನ್ಸರ್ ಯಾವುದು ಅಂತ ಕೇಳಿರಲಿಲ್ಲ!

ಕಾಗದದ ಮೇಲಿನ ಲೆಕ್ಕ ಕೋಣೆಯೊಳಗೆ ಹೇಗಿರುತ್ತದೆ ಅಂತ ಮೊದಲ ದಿನವೇ ಗೊತ್ತಾಯಿತು. ಅಣ್ಣನ ಮಗಳು ಹೊಸ ಬಟ್ಟೆ ಹಾಕಿಕೊಂಡು ನಿಂತಿದ್ದಳು. ತಲೆಯಿಂದ ಕಾಲಿನ ತನಕ ಬೇಕು ಅಂದಳು. ಒಂದು ಹೆಜ್ಜೆ ಹಿಂದೆ ಹೋದೆ. ಇನ್ನೊಂದು ಹೆಜ್ಜೆ. ಬೆನ್ನು ಗೋಡೆಗೆ ತಾಗಿತು. ಅವಳ ಪಾದ ಚೌಕಟ್ಟಿನ ಆಚೆಯೇ ಇತ್ತು. ಆಮೇಲೆ ಟೇಪ್ ಹಿಡಿದು ಅಳೆದೆ. ದೊಡ್ಡವರೊಬ್ಬರನ್ನು ನಿಲ್ಲಿಸಿ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು, ಅಂದರೆ ಎರಡು ಮೀಟರ್ ಎತ್ತರ ಹಿಡಿಸಬೇಕಾದರೆ 35ಕ್ಕೆ 3 ಮೀಟರ್ ದೂರ ಬೇಕು. 50ಕ್ಕೆ ಸುಮಾರು 4.3 ಮೀಟರ್. 85ಕ್ಕೆ 7 ಮೀಟರ್‌ಗೂ ಜಾಸ್ತಿ. ಅದೂ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದರೆ. ನೀವು ಜಾಸ್ತಿ ಫೋಟೋ ತೆಗೆಯುವ ಕೋಣೆಯನ್ನು ಒಮ್ಮೆ ಅಳೆದು ನೋಡಿ. ಲೆನ್ಸ್ ಆರಿಸಲು ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಕ್ಕಿಲ್ಲ.

ಹಾಗಂತ 50 ಸೋತಿತು ಅಂತಲ್ಲ. ಎದೆಯಿಂದ ಮೇಲಿನ ಫೋಟೋಗೆ ಅದು ಹೇಳಿ ಮಾಡಿಸಿದ್ದು. ಒಂದೂವರೆ ಮೀಟರ್ ದೂರದಲ್ಲಿ ಕೂತು, ಮಾತಾಡುತ್ತಲೇ ತೆಗೆಯಬಹುದು. ಎದುರಿಗಿರುವವರಿಗೆ ಲೆನ್ಸ್ ಮುಖಕ್ಕೆ ಬಂತು ಅನಿಸುವುದಿಲ್ಲ, ನಮಗೂ ಕೂಗಿ ಮಾತಾಡಬೇಕಿಲ್ಲ. ಅದೇ ಗಾತ್ರದ ಮುಖ 35ರಲ್ಲಿ ಬೇಕೆಂದರೆ ಒಂದು ಮೀಟರ್‌ಗೆ ಹೋಗಬೇಕು. ಅಲ್ಲಿ ಮೂಗು ಒಂಚೂರು ಮುಂದೆ ಬರುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಇದನ್ನು ಲೆನ್ಸ್‌ನ ತಪ್ಪು ಅಂತ ಬೈಯುವವರಿದ್ದಾರೆ. ಮೂಗು ದಪ್ಪ ಮಾಡುವುದು ಲೆನ್ಸ್ ಅಲ್ಲ, ನಾವು ನಿಂತ ಜಾಗ. ಅದೇ ಒಂದು ಮೀಟರ್‌ನಲ್ಲಿ ನಿಂತು ಯಾವ ಲೆನ್ಸ್ ಹಾಕಿದರೂ ಮೂಗು ಕಿವಿಗಳ ಲೆಕ್ಕ ಬದಲಾಗುವುದಿಲ್ಲ.

ಈಗ ಬ್ಲರ್ ವಿಷಯ. ಸುಮಾರು ಜನ ಪ್ರೈಮ್ ಕೊಳ್ಳುವುದೇ ಇದಕ್ಕೆ. ನಾನೂ ಮೊದಲ ವಾರ ಎಫ್/1.8 ಬಿಟ್ಟು ಕದಲಲಿಲ್ಲ. ಒಂದು ಬೆಳಗ್ಗೆ ಅಜ್ಜಿ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ತುಟಿ ಬಿಗಿದಿತ್ತು. ಕಿಟಕಿಯ ಬೆಳಕು ಸೂಜಿಯ ಮೇಲೆ ಒಂದು ಚುಕ್ಕೆಯಾಗಿ ಹೊಳೆಯುತ್ತಿತ್ತು. 50 ಹಾಕಿಕೊಂಡು ಒಂದು ಮೀಟರ್ ದೂರದಿಂದ, ಹತ್ತಿರದ ಕಣ್ಣಿಗೆ ಫೋಕಸ್ ಇಟ್ಟು ಹತ್ತು ಫೋಟೋ ತೆಗೆದೆ. ಸ್ಕ್ರೀನ್‌ನಲ್ಲಿ ಎಷ್ಟು ಚೆನ್ನಾಗಿ ಕಂಡಿತು ಅಂದರೆ ಓಡಿ ಹೋಗಿ ಅವರಿಗೇ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಮುಖ ಚೆನ್ನಾಗಿದೆ ಕಣೋ. ಸೂಜಿ ಎಲ್ಲಿ?"

ಸೂಜಿ ಇರಲಿಲ್ಲ. ಬೆರಳು ಇರಬೇಕಾದ ಕಡೆ ಮಬ್ಬಾದ ಎರಡು ಉಂಡೆ ಇದ್ದವು. ಒಂದು ಮೀಟರ್ ದೂರದಲ್ಲಿ 50 ಎಂಎಂ, ಎಫ್/1.8 ಅಂದರೆ ಸ್ಪಷ್ಟವಾಗಿ ಕಾಣುವುದು ಹೆಚ್ಚೂ ಕಡಿಮೆ 3 ಸೆಂಟಿಮೀಟರ್ ಆಳ ಮಾತ್ರ. ಕೈ ಇದ್ದದ್ದು ಮುಖಕ್ಕಿಂತ ಒಂದು ಗೇಣು ಮುಂದೆ. 35 ಹಾಕಿ ಅಲ್ಲೇ ನಿಂತರೆ ಈ ಆಳ 6 ಸೆಂಟಿಮೀಟರ್ ಆಗುತ್ತದೆ, ಅದೂ ಸಾಲದು. 35ರಲ್ಲಿ ಎಫ್/8ಕ್ಕೆ ಹೋದರೆ 26 ಸೆಂಟಿಮೀಟರ್ ಸಿಗುತ್ತದೆ. ಆದರೆ ಬೆಳಕು 20 ಪಟ್ಟು ಕಮ್ಮಿಯಾಗುತ್ತದೆ, ಅಂದರೆ ಎಫ್/1.8 ಲೆನ್ಸ್ ತಂದ ಲಾಭವೆಲ್ಲ ವಾಪಸ್ ಹೋಯಿತು. ಕಿಟಕಿ ಪಕ್ಕ ಇದ್ದಿದ್ದರಿಂದ ನಡೆಯಿತು. ಮತ್ತೆ ಪೋಣಿಸಿ ಅಜ್ಜಿ ಅಂತ ಬೇಡಿಕೊಂಡು ತೆಗೆದ ಆ ಎರಡನೇ ಫೋಟೋವೇ ಈಗ ಗೋಡೆ ಮೇಲಿದೆ. ಅದರಲ್ಲಿ ಹಿನ್ನೆಲೆಯ ಕಪಾಟೂ ಕಾಣುತ್ತದೆ, ಅದರ ಮೇಲಿನ ಹಳೆಯ ರೇಡಿಯೋ ಕೂಡ. ಮೊದಲ ಫೋಟೋದಲ್ಲಿ ಅಜ್ಜಿ ಯಾವ ಮನೆಯಲ್ಲಿ ಬೇಕಾದರೂ ಕೂತಿರಬಹುದಿತ್ತು.

ಇನ್ನು 85. ಬೇಗ ಹೇಳಿ ಮುಗಿಸುತ್ತೇನೆ. ಬಯಲಲ್ಲಿ, ಆಟದ ಮೈದಾನದಲ್ಲಿ, ವೇದಿಕೆಯ ಮುಂದೆ ಇದಕ್ಕೆ ಎದುರಿಲ್ಲ. ಮೂರರಲ್ಲಿ ನೋಡಿದ ತಕ್ಷಣ "ಆಹಾ" ಅನಿಸಿದ ಫೋಟೋಗಳು ಜಾಸ್ತಿ ಬಂದದ್ದು ಇದರಲ್ಲೇ. ಒಂದು ತಮಾಷೆ ನೋಡಿ. 50ರಲ್ಲಿ ಒಂದೂವರೆ ಮೀಟರ್‌ನಿಂದ, 85ರಲ್ಲಿ ಎರಡೂವರೆ ಮೀಟರ್‌ನಿಂದ ಮುಖವನ್ನು ಒಂದೇ ಗಾತ್ರಕ್ಕೆ ತೆಗೆದರೆ ಸ್ಪಷ್ಟ ಆಳ ಎರಡರಲ್ಲೂ ಒಂದೇ, ಆರು ಸೆಂಟಿಮೀಟರ್ ಆಸುಪಾಸು. ಆದರೂ 85ರ ಫೋಟೋ ಜಾಸ್ತಿ ಕರಗಿದ ಹಾಗೆ ಕಾಣುತ್ತದೆ. ಯಾಕಂದರೆ ಅದು ಹಿನ್ನೆಲೆಯಿಂದ ಚಿಕ್ಕ ತುಂಡನ್ನು ಎತ್ತಿಕೊಂಡು ದೊಡ್ಡದು ಮಾಡಿ ಹಾಸುತ್ತದೆ. ಹಿಂದಿನ ಮರ ಒಂದು ಹಸಿರು ಪರದೆಯಾಗುತ್ತದೆ.

ತೊಂದರೆ ಮನೆಯೊಳಗೆ. ಹಾಲ್‌ನ ಈ ಮೂಲೆಯಿಂದ ಆ ಮೂಲೆಗೆ ಹಿಡಿದರೂ ಮುಖ, ಭುಜ, ಅಷ್ಟೇ. ಕೈ ನಡುಕವೂ ಜಾಸ್ತಿ ಕಾಣುತ್ತದೆ. ಲೆನ್ಸ್‌ನಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲದಿದ್ದರೆ ಈ ಸೆನ್ಸರ್‌ಗೆ 35ರಲ್ಲಿ 1/50 ಸಾಕು, 85ರಲ್ಲಿ 1/125 ಆದರೂ ಬೇಕು. ಸಂಜೆ ಬೆಳಕಲ್ಲಿ ಆ ವ್ಯತ್ಯಾಸ ದೊಡ್ಡದೇ. ಮೂರು ವಾರದಲ್ಲಿ ಕೊನೆಯ ವಾರ ಅದು ಚೀಲದಿಂದ ಹೊರಗೆ ಬಂದದ್ದು ಎರಡೇ ಸಲ.

ಗಾಜಿನ ಗುಣಮಟ್ಟದ ಬಗ್ಗೆ ನಾನು ನಿರೀಕ್ಷಿಸಿದಷ್ಟು ಹೇಳಲು ಏನೂ ಇಲ್ಲ. ಎಫ್/2.8ಕ್ಕೆ ತಂದರೆ ಮೂರೂ ಕತ್ತಿಯಷ್ಟು ಚೂಪು. ಎಫ್/1.8ರಲ್ಲಿ ಮೂರಕ್ಕೂ ಒಂದೇ ಕಾಯಿಲೆ: ಬಿಳಿ ಪರದೆಯ ಅಂಚು, ಬೀಗದ ಕೈ ಗೊಂಚಲಿನಂಥ ಹೊಳೆಯುವ ಸಾಮಾನು ಇದ್ದರೆ ಫೋಕಸ್‌ಗಿಂತ ಮುಂದಿನ ಕಡೆ ನೇರಳೆ ಗೆರೆ, ಹಿಂದಿನ ಕಡೆ ಹಸಿರು ಗೆರೆ. 85ರಲ್ಲಿ ಇದು ಕಣ್ಣಿಗೆ ಹೊಡೆಯುತ್ತಿತ್ತು. 35ರಲ್ಲಿ ಬಾಗಿಲ ಚೌಕಟ್ಟು ಅಂಚಿಗೆ ಬಂದರೆ ಚೂರು ಉಬ್ಬುತ್ತದೆ. ಸಾಫ್ಟ್‌ವೇರ್‌ನಲ್ಲಿ ಒಂದು ಟಿಕ್ ಹಾಕಿದರೆ ಉಬ್ಬು ಹೋಗುತ್ತದೆ, ಬಣ್ಣದ ಗೆರೆ ಅಷ್ಟು ಸುಲಭಕ್ಕೆ ಹೋಗಲ್ಲ.

50 ಯಾಕೆ ಸಾಮಾನ್ಯವಾಗಿ ಅಗ್ಗ ಅನ್ನುವುದಕ್ಕೂ ಒಂದು ಕಾರಣ ಇದೆ. ಅದರ ಒಳಗಿನ ಗಾಜಿನ ಜೋಡಣೆ ಹಳೆಯ, ಪಳಗಿದ ನಕ್ಷೆ. 1896ರಲ್ಲಿ ಝೈಸ್ ಕಂಪನಿಯ ಪೌಲ್ ರುಡಾಲ್ಫ್ ಮಾಡಿದ ಪ್ಲಾನಾರ್ ಲೆನ್ಸ್‌ನ ವಂಶ. ಅಪರ್ಚರ್‌ನ ಎರಡೂ ಕಡೆ ಗಾಜುಗಳು ಕನ್ನಡಿಯಲ್ಲಿ ನೋಡಿದ ಹಾಗೆ ಕೂತಿರುತ್ತವೆ, ಒಂದು ಕಡೆಯ ದೋಷವನ್ನು ಇನ್ನೊಂದು ಕಡೆ ಕಳೆಯುತ್ತದೆ. ಆರೇಳು ಗಾಜಲ್ಲಿ ಕೆಲಸ ಮುಗಿಯುತ್ತದೆ. 35ಕ್ಕೆ ಡಿಎಸ್ಎಲ್ಆರ್‌ನಲ್ಲಿ ಈ ಸುಖ ಇಲ್ಲ. ಮಧ್ಯದಲ್ಲಿ, ನಮ್ಮ ಕಣ್ಣಿಗೆ ನೋಟ ತೋರಿಸುವ ಕನ್ನಡಿ ಏಳಬೇಕು, ಬೀಳಬೇಕು. ಹಾಗಾಗಿ ಲೆನ್ಸ್ ಕೂರುವ ಜಾಗಕ್ಕೂ ಸೆನ್ಸರ್‌ಗೂ ನಾಲ್ಕೂವರೆ ಸೆಂಟಿಮೀಟರ್ ಹತ್ತಿರ ಅಂತರ ಬಿಡುತ್ತಾರೆ. 35 ಎಂಎಂ ಲೆನ್ಸ್ ಸಹಜವಾಗಿ ಅದಕ್ಕಿಂತ ಹತ್ತಿರ ಕೂರಲು ಬಯಸುತ್ತದೆ. ಮುಂದೆ ಬೆಳಕನ್ನು ಹರಡುವ ಗಾಜು ಸೇರಿಸಿ ಈ ಗಂಟನ್ನು ಬಿಡಿಸಿದ 35 ಎಂಎಂ ಲೆನ್ಸನ್ನು ಪಿಯರ್ ಆಂಜೆನಿಯೂ 1950ರಲ್ಲಿ ತಂದರು, ರೆಟ್ರೋಫೋಕಸ್ ಅನ್ನುವ ಹೆಸರಿನಲ್ಲಿ. ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಆ ಅಂತರ 16ರಿಂದ 20 ಎಂಎಂಗೆ ಇಳಿದಿರುವುದರಿಂದ ಅಲ್ಲಿ ಈ ಪೇಚಾಟ ಕಮ್ಮಿ.

ನಡುವೆ ಒಂದು ಮೂರ್ಖತನವನ್ನೂ ಮಾಡಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಎಫ್/1.4ರ 50 ಸಿಕ್ಕಿತು, ಹೊರಗಿಂದ ಫಳಫಳ. ಎಫ್/1.8ಕ್ಕಿಂತ ಅದು ಬಿಡುವ ಬೆಳಕು ಒಂದೂಮುಕ್ಕಾಲು ಪಟ್ಟೂ ಇಲ್ಲ, ಆದರೂ ಆಸೆ. ಮನೆಗೆ ತಂದ ಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆಯಂಥ ಎಳೆಗಳು. ಫಂಗಸ್. ಮಾರಿದವರು ವಾಪಸ್ ತಗೊಂಡರು, ನನ್ನ ಪುಣ್ಯ. ಹಳೆಯ ಲೆನ್ಸ್ ಕೊಳ್ಳುವುದಾದರೆ ದುಡ್ಡು ಕೊಡುವ ಮುಂಚೆ ಟಾರ್ಚ್ ತೆಗೆಯಿರಿ. ಅಪರ್ಚರ್ ಅಲಗುಗಳ ಮೇಲೆ ಎಣ್ಣೆ ಜಿನುಗಿದೆಯಾ ಅಂತಲೂ ನೋಡಿ.

ಲೆನ್ಸ್ ಎರವಲು ಕೊಡುವ ಗೆಳೆಯರು ಎಲ್ಲರಿಗೂ ಇರುವುದಿಲ್ಲ. ಆಗ ಕಿಟ್ ಲೆನ್ಸನ್ನೇ 35ಕ್ಕೆ ತಿರುಗಿಸಿ, ಝೂಮ್ ರಿಂಗ್ ಮೇಲೆ ಟೇಪ್ ಅಂಟಿಸಿಬಿಡಿ. ಒಂದು ವಾರ ಹಾಗೇ ಓಡಾಡಿ, ಮುಂದಿನ ವಾರ 50. ಬೆಳಕಿನ ಲಾಭ ಇದರಲ್ಲಿ ಗೊತ್ತಾಗುವುದಿಲ್ಲ, ಆದರೆ ಯಾವ ದೂರ ನಿಮ್ಮ ಕಾಲಿಗೆ ಒಗ್ಗುತ್ತದೆ ಅನ್ನುವುದು ಪಕ್ಕಾ ಗೊತ್ತಾಗುತ್ತದೆ. ನಾನು ಎರವಲು ತರುವ ಮುಂಚೆ ಇದನ್ನು ಮಾಡಿದ್ದರೆ ಅರ್ಧ ತಲೆನೋವು ತಪ್ಪುತ್ತಿತ್ತು.

ಕೊನೆಗೆ ನಾನು ಕೊಂಡದ್ದು 35. ಫುಲ್ ಫ್ರೇಮ್ ಕ್ಯಾಮೆರಾ, ಅಂದರೆ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್‌ನದು ಇದ್ದಿದ್ದರೆ, ಎಲ್ಲರೂ ಹೇಳಿದ ಹಾಗೆ 50ನ್ನೇ ಕೊಳ್ಳುತ್ತಿದ್ದೆ, ಅದೂ ಇದೇ ಕಾರಣಕ್ಕೆ. ಬಿಡಿ ಮುಖಗಳನ್ನೇ ಜಾಸ್ತಿ ತೆಗೆಯುವ ಗೆಳತಿ ನನ್ನ ಥರದ್ದೇ ಸೆನ್ಸರ್‌ಗೆ 50 ಕೊಂಡಳು, ಅವಳ ಆಯ್ಕೆಯೂ ಸರಿಯೇ. 85ನ್ನು ವಾಪಸ್ ಕೊಡುವ ದಿನ ಮಾತ್ರ ಸ್ವಲ್ಪ ಸಂಕಟವಾಯಿತು. ಕೊಡುವ ಮುಂಚೆ ಮಹಡಿ ಮೇಲೆ ಅಣ್ಣನ ಮಗಳ ಮುಖವನ್ನು ಅದರಲ್ಲಿ ಒಂದು ಸಲ ತೆಗೆದೆ, ಹಿಂದೆ ಬರೀ ಸಂಜೆ ಆಕಾಶ. ಅವಳು ಬಗ್ಗಿ ಸ್ಕ್ರೀನ್ ನೋಡಿ, "ಇದ್ರಲ್ಲೂ ಕಾಲಿಲ್ಲ" ಅಂದಳು.