ಎಣ್ಣೆ ರೈಲಿನ ಹಳೇ ದಾರೀಲಿ ಸೈಕಲ್: ದಕ್ಷಿಣ ಸ್ಪೇನಿನ ವಿಯಾ ವೆರ್ದೆ ದೆಲ್ ಅಸೆಯ್ತೆ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ದಾರಿಗೆ 5ಕ್ಕೆ 5, ನಾವು ದುಡ್ಡು ಕೊಟ್ಟು ತಗೊಂಡ ಸೈಕಲ್ ಬಾಡಿಗೆ ಮತ್ತೆ ಲಗೇಜ್ ಸಾಗಿಸೋ ಸರ್ವಿಸ್‌ಗೆ 5ಕ್ಕೆ 3. ಎರಡನ್ನೂ ಬೇರೆ ಬೇರೆ ಮಾಡಿ ಹೇಳ್ತಿರೋದು ಯಾಕಂದ್ರೆ ದಾರಿ ಸರ್ಕಾರದ್ದು, ಪುಕ್ಕಟೆ, ಯಾರ ಪ್ಯಾಕೇಜೂ ಇಲ್ಲದೇನೂ ಹೋಗ್ಬಹುದು. ಯುರೋಪಲ್ಲಿ ಇರೋ ನಮ್ಮವ್ರು ಎಷ್ಟೋ ಜನ ಸ್ಪೇನ್ ಅಂದ್ರೆ ಬಾರ್ಸಿಲೋನಾ, ಆಮೇಲೆ ಸೆವಿಲ್-ಗ್ರನಾಡಾ ಬಸ್ಸಲ್ಲಿ ಒಂದು ಸುತ್ತು, ಅಷ್ಟಕ್ಕೇ ಮುಗಿಸ್ತಾರೆ. ಆ ಬಸ್ಸಿನ ಕಿಟಕೀಲಿ ಗಂಟೆಗಟ್ಲೆ ಕಾಣೋ ಆಲಿವ್ ತೋಟ ಇದ್ಯಲ್ಲ, ಅದರ ಒಳಗೇ ಹಾದು ಹೋಗೋ ದಾರಿ ಇದು. ನಾನೂ ನನ್ನ ತಮ್ಮನೂ ಏಪ್ರಿಲ್ ಕೊನೇಲಿ ಹೋಗಿದ್ವಿ.

ಹಾಎನ್ ಊರಿಂದ ಪುಯೆಂತೆ ಹೆನಿಲ್ ತನಕ ಸುಮಾರು 128 ಕಿಲೋಮೀಟರ್. ಇದು ರೈಲು ಹಳಿ ಕಿತ್ತು ಮಾಡಿರೋ ದಾರಿ. 19ನೇ ಶತಮಾನದ ಕೊನೇಲಿ ಲಿನಾರೆಸ್ ಗಣಿಯ ಸೀಸ, ಈ ಸೀಮೆಯ ಆಲಿವ್ ಎಣ್ಣೆ ಎರಡನ್ನೂ ಮಾಲಗಾ ಬಂದರಿನ ಕಡೆ ಸಾಗಿಸೋಕೆ ಅಂತ ಲೈನ್ ಹಾಕಿದ್ರು, ಜನ ಅದನ್ನ ಎಣ್ಣೆ ರೈಲು ಅಂತಾನೇ ಕರೀತಿದ್ರು. 1980ರ ದಶಕದಲ್ಲಿ ಲೈನ್ ಮುಚ್ಚಿತು. ಆಮೇಲೆ 1993ರಲ್ಲಿ ಸ್ಪೇನಲ್ಲಿ ವಿಯಾಸ್ ವೆರ್ದೆಸ್ (ಅಂದ್ರೆ ಹಸಿರು ದಾರಿಗಳು) ಅನ್ನೋ ಯೋಜನೆ ಶುರುವಾಗಿ ಹೀಗೆ ಬಿಟ್ಟುಹೋದ ಹಳಿಗಳನ್ನೆಲ್ಲ ನಡೆಯೋರಿಗೆ, ಸೈಕಲ್‌ನೋರಿಗೆ ಅಂತ ಒಂದೊಂದಾಗಿ ತೆಗೀತಾ ಬಂದ್ರು. ಇದರ ದೊಡ್ಡ ಲಾಭ ಏನಪ್ಪಾ ಅಂದ್ರೆ ಸ್ಟೀಮ್ ಇಂಜಿನ್ನಿಗೆ ಕಡಿದಾದ ಏರು ಹತ್ತೋಕಾಗಲ್ಲ, ಅದಕ್ಕೆ ಅವತ್ತಿನ ಇಂಜಿನಿಯರ್‌ಗಳು ಗುಡ್ಡ ಕೊರೆದು, ಹಳ್ಳಕ್ಕೆ ಸೇತುವೆ ಕಟ್ಟಿ ದಾರಿನ ಸಮ ಮಾಡಿಟ್ಟಿದ್ದಾರೆ, ಅದರ ಫಲ ಈಗ ನಮ್ಮ ಮೊಣಕಾಲಿಗೆ. ಸುತ್ತಲೂ ಬೆಟ್ಟ ಇರೋ ಸೀಮೇಲಿ ವಾರಕ್ಕೊಂದ್ಸಲ ಸೈಕಲ್ ಹೊಡೆಯೋರೂ ಆರಾಮಾಗಿ ಹೋಗ್ಬಹುದು. ಕೆಲವು ಕಡೆ ಡಾಂಬರು, ಉಳಿದ ಕಡೆ ಗಟ್ಟಿಯಾಗಿ ಕೂತಿರೋ ಮಣ್ಣು-ಜಲ್ಲಿ. ರೋಡ್ ಬೈಕಿನ ಸಣ್ಣ ಟೈರ್ ಬೇಡ, ಹೈಬ್ರಿಡ್ ಅಥವಾ ಗ್ರಾವೆಲ್ ಸೈಕಲ್ ಸಾಕು. ಕಾರು ಬೈಕು ಬರಲ್ಲ, ಆದ್ರೆ ತೋಟಕ್ಕೆ ಹೋಗೋ ಅಡ್ಡ ದಾರಿಗಳು ತುಂಬಾ ಇವೆ, ಟ್ರ್ಯಾಕ್ಟರ್ ದಾಟುತ್ತೆ, ಅಲ್ಲೆಲ್ಲಾ ನಿಧಾನ ಮಾಡ್ಲೇಬೇಕು.

ಹಾಎನ್ ಪ್ರಾಂತ್ಯ ಒಂದರಲ್ಲೇ 6 ಕೋಟಿಗೂ ಜಾಸ್ತಿ ಆಲಿವ್ ಮರ ಇವೆ ಅಂತ ಓದಿದಾಗ ಅದು ಬರೀ ಅಂಕಿ ಅಷ್ಟೇ, ಊರು ಬಿಟ್ಟು ಸ್ವಲ್ಪ ದೂರ ಹೋಗಿ ಗುಡ್ಡದ ನೆತ್ತಿ ತನಕ, ಆ ಗುಡ್ಡದ ಆಚೆ ಗುಡ್ಡದ ನೆತ್ತಿ ತನಕ, ಬಾಚಣಿಗೇಲಿ ಬೈತಲೆ ತೆಗೆದ ಹಾಗೆ ಸಾಲು ಸಾಲು ಮರ ಕಂಡಾಗ್ಲೇ ಅದು ತಲೆಗೆ ಹತ್ತೋದು. "ಅಣ್ಣಾ, ಬೇರೆ ಏನೂ ಬೆಳೆಯೋದೇ ಇಲ್ವಾ ಇವ್ರು?" ಅಂದ ತಮ್ಮ. ನಿಜವಾಗ್ಲೂ ಹೆಚ್ಚುಕಮ್ಮಿ ಏನೂ ಬೆಳೆಯಲ್ಲ. ಮಾರ್ತೋಸ್ ಅನ್ನೋ ಊರಿನ ನೆತ್ತಿ ಮೇಲೆ ಒಂದು ದೈತ್ಯ ಬಂಡೆ, ಬುಡದಲ್ಲಿ ಊರು, ಊರಿನ ಸುತ್ತ ಎಣ್ಣೆ ಮಿಲ್ಲು. ಇಲ್ಲಿ ಬೆಳೆಯೋದು ಜಾಸ್ತಿ ಪಿಕುಆಲ್ ಅನ್ನೋ ತಳಿ, ಬ್ರೆಡ್ ಮೇಲೆ ಹಾಕ್ಕೊಂಡು ತಿಂದ್ರೆ ಮೊದ್ಲು ಸ್ವಲ್ಪ ಕಹಿ, ನುಂಗಿದ ಮೇಲೆ ಗಂಟಲಲ್ಲಿ ಖಾರ ಹತ್ತುತ್ತೆ, ಆ ಖಾರಾನೇ ಎಣ್ಣೆ ತಾಜಾ ಇರೋದಕ್ಕೆ ಗುರುತು. ಸೂಪರ್‌ಮಾರ್ಕೆಟ್ ಬಾಟಲಿ ಎಣ್ಣೆ ರುಚಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಒಂದು ಎಚ್ಚರಿಕೆ: ಏಪ್ರಿಲ್ ಕೊನೆ, ಮೇ ತಿಂಗಳು ಆಲಿವ್ ಹೂ ಬಿಡೋ ಕಾಲ, ಪರಾಗ ಅಲರ್ಜಿ ಇರೋರು ಮಾತ್ರೆ ಇಟ್ಕೊಳ್ಳದೆ ಹೋಗ್ಬೇಡಿ, ತಮ್ಮ ಸೀನಿ ಸೀನಿ ಸುಸ್ತಾದ.

ಅಲ್ಕೌದೆತೆ ದಾಟಿದ ಮೇಲೆ ಗ್ವಾದಾಹೋಸ್ ನದಿ ಸೇತುವೆ ಬರುತ್ತೆ, ಹಾಎನ್ ಪ್ರಾಂತ್ಯ ಮುಗಿದು ಕಾರ್ಡೋಬಾ ಪ್ರಾಂತ್ಯ ಶುರುವಾಗೋದು ಅಲ್ಲೇ. ಪ್ಯಾರಿಸ್‌ನ ಐಫೆಲ್ ಟವರ್ ಕಟ್ಟಿದ ಕಾಲದ ಕಬ್ಬಿಣದ ಕೆಲಸ, 200 ಮೀಟರ್‌ಗೂ ಜಾಸ್ತಿ ಉದ್ದ. ಇಂಥ ಕಬ್ಬಿಣದ ಸೇತುವೆಗಳು ದಾರಿ ಉದ್ದಕ್ಕೂ ಸಿಗ್ತಾನೇ ಇರ್ತವೆ, ಆದ್ರೆ ಇದರ ಮೇಲೆ ಗಾಳಿ ಬೀಸಿದಾಗ ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊಳ್ಳಿ. ನಾವು ಸೈಕಲ್ ನಿಲ್ಸಿ ಕಂಬಿ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ವಿ. ಒಂದೊಂದು ತೊಲೆಯಲ್ಲೂ ಉಂಡೆ ತಲೆಯ ರಿವೆಟ್‌ಗಳ ಸಾಲು, ಎಲ್ಲಾ ಬಿಸಿ ಮಾಡಿ ಬಡಿದು ಕೂರ್ಸಿರೋದು, ವೆಲ್ಡಿಂಗ್ ಕಾಲ ಅಲ್ಲ ಅದು. ಅದನ್ನ ಬಡಿದ ಕೂಲಿಯವ್ರು ಇದೇ ಬಿಸಿಲಲ್ಲಿ ನಿಂತಿದ್ರಲ್ಲ ಅನ್ನಿಸ್ತು.

ಈ ಇಡೀ ಟ್ರಿಪ್ಪಲ್ಲಿ ಒಂದೇ ಊರಲ್ಲಿ ಉಳ್ಕೊಳ್ಳೋ ಹಾಗಿದ್ರೆ ಸುವೇರೋಸ್‌ನಲ್ಲಿ ಉಳ್ಕೊಳ್ಳಿ. ಸೇತುವೆ ದಾಟಿದ ಮೇಲೆ ದಾರಿ ನಿಧಾನವಾಗಿ ಏರ್ತಾ ಹೋಗುತ್ತೆ, ಲುಕೆ ಹತ್ರ ಒಂದು ಉಪ್ಪುನೀರಿನ ಕೆರೆ ಸಿಗುತ್ತೆ, ಬೇಸಿಗೇಲಿ ಒಣಗೋ ಅಂಥದ್ದು, ನಾವು ಹೋದಾಗ ನೀರೂ ಇತ್ತು ಹಕ್ಕಿಗಳೂ ಇದ್ವು. ಆಮೇಲೆ ಎಡಕ್ಕೆ ಬೂದು ಸುಣ್ಣಕಲ್ಲಿನ ಬೆಟ್ಟ ಹತ್ರ ಬರ್ತಾ ಬರ್ತಾ ಬಂಡೆ ಅಂಚಿಗೆ ಬಿಳಿ ಮನೆಗಳು, ಅದರ ತುದೀಲಿ ಬಂಡೆಯಿಂದಾನೇ ಎದ್ದು ಬಂದಂಗೆ ಒಂದು ಕೋಟೆ. ಮುಸ್ಲಿಂ ದೊರೆಗಳ ಕಾಲದಲ್ಲಿ ಕಟ್ಟಿದ್ದು, ಆಮೇಲೆ ಕ್ರಿಶ್ಚಿಯನ್ ದೊರೆಗಳು ಕೈಗೆ ತಗೊಂಡು ಅದರ ಪಕ್ಕಕ್ಕೇ ತಮ್ಮ ಅರಮನೆ ಕಟ್ಕೊಂಡ್ರು. ಹಳೇ ಸ್ಟೇಷನ್ನಿಂದ ಊರಿಗೆ ಹತ್ತೋ ರಸ್ತೆ ಮಾತ್ರ ರೈಲು ದಾರಿ ಅಲ್ಲ, ಕಡಿದು, ಕೊನೇ ಗೇರಲ್ಲೂ ತೊಡೆ ಉರಿಯುತ್ತೆ. ಹತ್ತಿ, ಪರವಾಗಿಲ್ಲ. ಸಂಜೆ ಕೋಟೆ ಪಕ್ಕದ ಚೌಕದಲ್ಲಿ ಕೂತ್ರೆ ನೀವು ಬೆಳಗ್ಗೆಯಿಂದ ತುಳ್ಕೊಂಡು ಬಂದ ಅಷ್ಟೂ ದಾರಿ ಆಲಿವ್ ಮರಗಳ ಮಧ್ಯೆ ಗೆರೆ ಎಳೆದಂಗೆ ಕಾಣುತ್ತೆ, ಊರಿನ ಅಜ್ಜಂದಿರು ಬೆಂಚ್ ಮೇಲೆ ಕೂತು ಮಾತಾಡ್ತಿರ್ತಾರೆ, ಯಾರಿಗೂ ಅರ್ಜೆಂಟಿಲ್ಲ. ಊರಿನ ಮೇಲ್ಗಡೆ ಬೆಟ್ಟದಲ್ಲಿ ಬಾವಲಿಗಳ ಗುಹೆ ಅಂತ ಇದೆ, ಹೊಸ ಶಿಲಾಯುಗದ ಜನ ಇದ್ದ ಜಾಗ, ಒಳಗೆ ಗೈಡ್ ಜೊತೇನೇ ಬಿಡೋದು, ಮುಂಚೇನೇ ಬುಕ್ ಮಾಡ್ಬೇಕು.

ಅಲ್ಲಿಂದ ಮುಂದೆ ದೋನ್ಯಾ ಮೆನ್ಸಿಯಾ ಸ್ಟೇಷನ್, ಆಮೇಲೆ ಬಹುಪಾಲು ಇಳಿಜಾರು. ಕಾಬ್ರಾ ಸ್ಟೇಷನ್ನಲ್ಲಿ ಹಳೇ ಸ್ಟೀಮ್ ಇಂಜಿನ್ ನಿಲ್ಸಿದ್ದಾರೆ, ಎಣ್ಣೆ ರೈಲಿನ ಕಥೆ ಹೇಳೋ ಸಣ್ಣ ಮ್ಯೂಸಿಯಂ ಇದೆ, ಮಕ್ಕಳಿದ್ರೆ ಖುಷಿ ಪಡ್ತಾರೆ. ಲುಸೇನಾ ಊರನ್ನ ಎಲ್ಲರೂ ಬೈಪಾಸ್ ಮಾಡಿ ಹೋಗ್ತಾರೆ, ಫರ್ನಿಚರ್ ಫ್ಯಾಕ್ಟರಿಗಳ ಊರು ಅಂತ, ಅದು ಅನ್ಯಾಯ. ಒಂದು ಕಾಲಕ್ಕೆ ಇದು ಯಹೂದಿ ವಿದ್ವಾಂಸರ ಊರು. 1483ರಲ್ಲಿ ಗ್ರನಾಡಾದ ಕೊನೇ ಸುಲ್ತಾನ ಬೋಅಬ್ದಿಲ್ ಸೆರೆ ಸಿಕ್ಕಿದ್ದು ಇಲ್ಲಿ ನಡೆದ ಯುದ್ಧದಲ್ಲೇ, ಊರ ಮಧ್ಯದ ಕೋಟೆಯ ಬುರುಜಲ್ಲಿ ಅವನನ್ನ ಇಟ್ಟಿದ್ರು ಅಂತ ತೋರಿಸ್ತಾರೆ. ಒಂಬತ್ತು ವರ್ಷ ಆದ್ಮೇಲೆ, 1492ರಲ್ಲಿ, ಅವನೇ ಗ್ರನಾಡಾದ ಅಲ್ಹಂಬ್ರಾ ಅರಮನೆಯ ಬೀಗದ ಕೈ ಒಪ್ಪಿಸಿ ಹೊರಟು ಹೋದ. ಅಲ್ಹಂಬ್ರಾ ನೋಡೋಕೆ ಪ್ರಪಂಚಾನೇ ಬರುತ್ತೆ, ಆ ಕಥೆಯ ಮೊದಲ ಭಾಗ ಇರೋ ಬುರುಜಲ್ಲಿ ಅವತ್ತು ನಾವಿಬ್ರೇ.

ಈಗ ಸರ್ವಿಸ್ ಬಗ್ಗೆ. ಹೆಸರು ಹೇಳಲ್ಲ. ಲಗೇಜ್ ವಿಷ್ಯದಲ್ಲಿ ಒಂದು ಮಾತೂ ಇಲ್ಲ, ನಾವು ಹೋಟೆಲ್ ಮುಟ್ಟೋದ್ರೊಳಗೆ ಬ್ಯಾಗ್ ರೂಮಲ್ಲಿ ಇರ್ತಿತ್ತು, ಆರಿಸಿದ ಹೋಟೆಲ್‌ಗಳೂ ಚೆನ್ನಾಗಿದ್ವು, ಸೈಕಲ್ ಇಡೋಕೆ ಬೀಗ ಹಾಕೋ ಜಾಗ ಎಲ್ಲಾ ಕಡೆ ಇತ್ತು. ಬೇಜಾರಾಗಿದ್ದು ಸೈಕಲ್ ವಿಷ್ಯಕ್ಕೆ. ಅಲ್ಕೌದೆತೆಯಿಂದ ಮುಂದೆ ತಮ್ಮನ ಹಿಂದಿನ ಚಕ್ರ ಪಂಕ್ಚರ್ ಆಯ್ತು, ಅವ್ರು ಕೊಟ್ಟ ಕಿಟ್ ಬಿಚ್ಚಿದ್ರೆ ಒಳಗಿರೋ ಸ್ಪೇರ್ ಟ್ಯೂಬಿಗೆ ಕಾರಿನ ಟೈರಿಗಿರೋ ಥರ ದಪ್ಪ ವಾಲ್ವು, ರಿಮ್ಮಲ್ಲಿ ಇರೋದು ಪ್ರೆಸ್ಟಾ ವಾಲ್ವಿನ ಸಣ್ಣ ತೂತು, ತಲೆಕೆಳಗೆ ನಿಂತ್ರೂ ತೂರಲ್ಲ. ಅವ್ರ ಹೆಲ್ಪ್‌ಲೈನಿಗೆ ಫೋನ್ ಮಾಡಿದ್ರೆ ಮಧ್ಯಾಹ್ನದ ಊಟ-ನಿದ್ದೆ ಹೊತ್ತು, ಯಾರೂ ಎತ್ತಲಿಲ್ಲ. ಪ್ಯಾಚ್ ಹಾಕೋಕೆ ಬರ್ತಿತ್ತು ಅದಕ್ಕೆ ಸರಿಹೋಯ್ತು, ಬರದೆ ಇರೋರು ಆ ಬಿಸಿಲಲ್ಲಿ ಏನ್ ಮಾಡ್ಬೇಕು? ಸಂಜೆ ಫೋನ್ ಮಾಡಿ ಸಾರಿ ಕೇಳಿದ್ರು, ಮರುದಿನ ಬ್ಯಾಗ್ ಜೊತೆ ಸರಿಯಾದ ಟ್ಯೂಬ್ ಕಳಿಸಿದ್ರು, ಅದಕ್ಕೇ 3 ಕೊಟ್ಟಿರೋದು, ಇಲ್ಲಾಂದ್ರೆ 2. ನೀವು ಯಾರ ಹತ್ರ ಬಾಡಿಗೆ ತಗೊಂಡ್ರೂ ಅಂಗಡೀಲೇ ಕಿಟ್ ಬಿಚ್ಚಿ ವಾಲ್ವ್ ನೋಡಿ, ಎರಡೂ ಬ್ರೇಕ್ ಒತ್ತಿ ನೋಡಿ, ಸೀಟ್ ಹೈಟು ಅಲ್ಲೇ ಸರಿ ಮಾಡಿಸ್ಕೊಳ್ಳಿ. ಹೆಲ್ಮೆಟ್ ಕೇಳಿ ತಗೊಳ್ಳಿ, ಊರು ಬಿಟ್ಟ ಮೇಲೆ ರಸ್ತೇಲಿ ಹೆಲ್ಮೆಟ್ ಕಡ್ಡಾಯ.

ಊಟ. ನಾವಿಬ್ರೂ ವೆಜ್, ಮೊಟ್ಟೆ ತಿಂತೀವಿ. ಬೆಳಗ್ಗೆ ಎಲ್ಲಾ ಬಾರಲ್ಲೂ ತೊಸ್ತಾದಾ ಸಿಗುತ್ತೆ, ಸುಟ್ಟ ಬ್ರೆಡ್ಡಿಗೆ ತುರಿದ ಟೊಮೇಟೊ, ಮೇಲೆ ಎಣ್ಣೆ, ಉಪ್ಪು, ಜೊತೆಗೆ ಕಾಫಿ, ಅರ್ಧ ದಿನ ಓಡುತ್ತೆ. ಕಾರ್ಡೋಬಾ ಕಡೆಯ ಸಾಲ್ಮೊರೇಹೊ ಅನ್ನೋ ತಣ್ಣನೆ ದಪ್ಪ ಟೊಮೇಟೊ ಸೂಪ್ ಬಿಸಿಲಿಗೆ ಅಮೃತ, ಆದ್ರೆ ಮೇಲೆ ಹಂದಿ ಮಾಂಸದ ಚೂರು ಉದುರಿಸಿ ಕೊಡ್ತಾರೆ, ಆರ್ಡರ್ ಮಾಡುವಾಗ್ಲೇ "ಸಿನ್ ಹಮೋನ್" (ಹಂದಿ ಮಾಂಸ ಬೇಡ) ಅಂತ ಹೇಳಿ. ಬರೀ ವೆಜ್ ಅಂದ್ರೆ ಕೆಲವರು ಮೀನು ಹಾಕಿ ತಂದುಬಿಡ್ತಾರೆ, ಅದಕ್ಕೆ ಏನೇನು ಬೇಡ ಅಂತ ಬಿಡಿಸಿ ಹೇಳೋದೇ ಒಳ್ಳೇದು. ಬದನೇಕಾಯಿ ಕರಿದು ಮೇಲೆ ಕಬ್ಬಿನ ಕಾಕಂಬಿ ಹಾಕಿ ಕೊಡ್ತಾರೆ, ಅದನ್ನ ಬಿಡ್ಬೇಡಿ. ಪಾಲಕ್-ಕಾಬೂಲ್ ಕಡಲೆ ಪಲ್ಯಕ್ಕೆ ಜೀರಿಗೆ ಬಿದ್ದಿರುತ್ತೆ, ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತೆ. ಪುಯೆಂತೆ ಹೆನಿಲ್‌ನಲ್ಲಿ ಮೆಂಬ್ರಿಯೊ ಅನ್ನೋ ಹಣ್ಣಿನ ಗಟ್ಟಿ ಹಲ್ವಾ ಥರದ್ದು ಪ್ರಸಿದ್ಧ, ಕಟ್ಟಿಸ್ಕೊಂಡು ಬಂದ್ವಿ. ರಾತ್ರಿ ಎಂಟೂವರೆಗೆ ಮುಂಚೆ ಅಡುಗೆಮನೆ ತೆಗೆಯಲ್ಲ, ಮಧ್ಯಾಹ್ನ ಎರಡರಿಂದ ಐದರ ತನಕ ಅಂಗಡಿಗಳು ಬಾಗಿಲು, ಭಾನುವಾರ ಇನ್ನೂ ಕಷ್ಟ. ಸೈಕಲ್ ಬ್ಯಾಗಲ್ಲಿ ಬಾಳೆಹಣ್ಣು, ಬಾದಾಮಿ ಇರ್ಲಿ.

ನೀರು ಒಬ್ಬರಿಗೆ ಎರಡು ಲೀಟರ್ ಕಮ್ಮಿ ಇಲ್ಲದಂಗೆ ತುಂಬಿಸ್ಕೊಂಡೇ ಊರು ಬಿಡಿ. ಸುತ್ತ ಅಷ್ಟೊಂದು ಮರ ಇದ್ರೂ ದಾರಿ ಮೇಲೆ ನೆರಳಿಲ್ಲ. ಜೂನ್ ಕೊನೆಯಿಂದ ಆಗಸ್ಟ್ ತನಕ ಹೋಗ್ಲೇಬೇಡಿ, ಈ ಕಡೆ 40 ಡಿಗ್ರಿ ದಾಟೋದು ಮಾಮೂಲು. ಏಪ್ರಿಲ್, ಮೇ, ಅಕ್ಟೋಬರ್ ಸರಿ. ನವೆಂಬರ್ ಮೇಲೆ ಹೋದ್ರೆ ಆಲಿವ್ ಕೊಯ್ಲು ನೋಡ್ಬಹುದು, ಮರ ಅಲ್ಲಾಡಿಸಿ ಕಾಯಿ ಬಲೆಗೆ ಬೀಳಿಸೋದು, ಮಿಲ್ಲುಗಳು ಹಗಲೂ ರಾತ್ರಿ ಓಡೋದು, ಆದ್ರೆ ಬೆಳಗ್ಗೆ ಕೈ ಮರಗಟ್ಟೋ ಚಳಿ.

ಸಣ್ಣ ಮಕ್ಕಳಿದ್ರೆ, ಅಥವಾ ಒಂದೇ ದಿನ ಟೈಮ್ ಇದ್ರೆ, ಇದರ ಬದಲು ವಿಯಾ ವೆರ್ದೆ ದೆ ಲಾ ಸಿಯೆರ್ರಾಗೆ ಹೋಗಿ. ಒಲ್ವೇರಾದಿಂದ ಪುಯೆರ್ತೊ ಸೆರ್ರಾನೊ ತನಕ 36 ಕಿಲೋಮೀಟರ್, 30 ಸುರಂಗ. 1920ರ ದಶಕದಲ್ಲಿ ಕೆಲಸ ಶುರು ಮಾಡಿ, ಸುರಂಗ, ಸೇತುವೆ, ಸ್ಟೇಷನ್ ಎಲ್ಲಾ ಕಟ್ಟಿ, ಕೊನೆಗೆ ಒಂದು ರೈಲೂ ಓಡದೇ ಉಳಿದ ಲೈನ್ ಅದು. ಮಧ್ಯದಲ್ಲಿ ಸಾಫ್ರಾಮಗೋನ್ ಅನ್ನೋ ಬಂಡೆ ಬೆಟ್ಟದಲ್ಲಿ ರಣಹದ್ದುಗಳ ದೊಡ್ಡ ನೆಲೆ, ತಲೆ ಮೇಲೇ ಸುತ್ತುತಾ ಇರ್ತವೆ. ಒಲ್ವೇರಾ ಕಡೆಯಿಂದ ಹೊರಡಿ, ಇಳಿಜಾರು ನಿಮ್ಮ ಪರ ಇರುತ್ತೆ. ಸುರಂಗದೊಳಗೆ ಲೈಟನ್ನೇ ನಂಬ್ಕೋಬೇಡಿ, ಸೈಕಲ್ಲಿಗೆ ಟಾರ್ಚ್ ಇರ್ಲಿ. ಚೆನ್ನಾಗಿದೆ, ಆದ್ರೂ ನನ್ನ ಓಟು ಎಣ್ಣೆ ದಾರಿಗೇ, ಯಾಕಂದ್ರೆ ಇಲ್ಲಿ ದಿನಾ ಒಂದು ಬೇರೆ ಊರಲ್ಲಿ ಮಲಗಿ ಆ ಊರಿನ ಜನರ ಜೊತೆ ಕೂತು ತಿಂದು ಹೋಗ್ತೀರಿ.

ಮುಗಿಸಿದ ಮೇಲೆ ಕಾರ್ಡೋಬಾಕ್ಕೆ ಒಂದು ದಿನ ಇಟ್ಕೊಳ್ಳಿ. ಹೈಸ್ಪೀಡ್ ರೈಲಲ್ಲಿ ಸೈಕಲನ್ನ ಹಾಗೇ ತಳ್ಕೊಂಡು ಹತ್ತೋಕೆ ಬಿಡಲ್ಲ, ಅದಕ್ಕೆ ಬಾಡಿಗೆ ಸೈಕಲನ್ನ ಕೊನೇ ಊರಲ್ಲೇ ವಾಪಸ್ ತಗೊಳ್ತಾರಾ ಅಂತ ಬುಕಿಂಗ್ ಟೈಮಲ್ಲೇ ಕೇಳಿಟ್ಕೊಳ್ಳಿ. 785ರ ಸುಮಾರಿಗೆ ಮಸೀದಿಯಾಗಿ ಶುರುವಾಗಿ ಈಗ ಚರ್ಚ್ ಆಗಿರೋ ಮೆಸ್ಕೀತಾದ ಕಂಬಗಳ ಮಧ್ಯೆ ನಿಂತಾಗ, ಕೆಂಪು-ಬಿಳಿ ಕಮಾನುಗಳು ಸಾಲಾಗಿ ಕತ್ತಲೊಳಗೆ ಹೋಗೋದು ನೋಡಿ ತಮ್ಮ ಬಾಯೇ ಬಿಡಲಿಲ್ಲ. ಭಾನುವಾರ ಬಿಟ್ಟು ಬೇರೆ ದಿನ ಬೆಳಗ್ಗೆ ಎಂಟೂವರೆಗೆ ಗೇಟ್ ಹತ್ರ ಇದ್ರೆ ಒಂದು ಗಂಟೆ ಟಿಕೆಟ್ ಇಲ್ಲದೆ ಬಿಡ್ತಾರೆ, ಗುಂಪು ಟೂರುಗಳು ಬರೋದು ಅದಾದ್ಮೇಲೆ.